ಜನರೇಟರಿಗೆ ಪವಿತ್ರ ನೀರು

ಪೆಟ್ರೋಲಿನ ವಾಸನೆ ಬಂದರೆ ಈಗಲೂ ನನಗೆ ಅಜ್ಜಿಯ ಉಗುರುಗಳೇ ನೆನಪಾಗುತ್ತವೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ, ಎಂದಿನಂತೆ ಇಗರ್ಜಿಯಿಂದ ತಂದ ಪವಿತ್ರ ನೀರಿನಲ್ಲಿ ಬೆರಳದ್ದಿ ಅಜ್ಜಿಯ ಹಣೆಗೆ ಶಿಲುಬೆ ಬರೆದೆ. ಅಜ್ಜಿ ಉಸಿರಾಡುತ್ತಿದ್ದುದು ಆಕ್ಸಿಜನ್ ಮೆಷಿನಿನಿಂದ. ಕರೆಂಟ್ ಹೋದರೆ ಜನರೇಟರೇ ಗತಿ. ಅದಕ್ಕೂ ಆಶೀರ್ವಾದವಿರಲೆಂದು ಉಳಿದ ನೀರನ್ನು ಅದರ ಪೆಟ್ರೋಲ್ ಟ್ಯಾಂಕಿಗೆ ಸುರಿದೆ.

ಮಧ್ಯಾಹ್ನ ಕರೆಂಟ್ ಹೋಯಿತು. ಪಪ್ಪಾ ಹಗ್ಗ ಎಳೆದರು; ಜನರೇಟರ್ ಕೆಮ್ಮಿ ನಿಂತಿತು. ಪ್ಲಗ್ ಒರೆಸಿ ಎಳೆದರೂ ಅದೇ ಕೆಮ್ಮು.

“ಬೇಗ ಮಾಡಿ, ಉಗುರು ನೀಲಿ ಆಗ್ತಾ ಉಂಟು!” ಒಳಗಿನಿಂದ ಮಮ್ಮಿ ಕೂಗಿದರು.

ಪಪ್ಪಾ ಕಾರ್ಬೊರೇಟರ್ ಬಿಚ್ಚಿದರು. “ಇದೆಂತ, ನೀರು ಉಂಟಲ್ಲ!”

ಪವಿತ್ರ ನೀರಿನ ಖಾಲಿ ಬಾಟಲಿಯನ್ನು ನಾನು ಬೆನ್ನ ಹಿಂದೆ ಅಡಗಿಸಿದೆ. ಟ್ಯಾಂಕ್ ಬರಿದು ಮಾಡಿ, ಸ್ಕೂಟರಿನ ಪೆಟ್ರೋಲ್ ಸುರಿದ ಮೇಲೆ ಜನರೇಟರ್ ಹೊರಟಿತು. ಅಜ್ಜಿಯ ಉಗುರು ನಿಧಾನವಾಗಿ ಕೆಂಪಾಯಿತು.

ಸಂಜೆ ಪಕ್ಕದ ಮನೆಯ ಶೇಖರಣ್ಣ ಕಾಂಪೌಂಡಿನಾಚೆಯಿಂದ ಪಪ್ಪಾನಿಗೆ ಹೇಳಿದರು: “ಬಂಕಿನವರೇ ನೀರು ಬೆರೆಸಿದ್ದು ಮಾರಾಯ್ರೆ. ಅವರಿಗೆಲ್ಲ ದೇವರ ಹೆದರಿಕೆ ಎಲ್ಲುಂಟು?”