ಎಡಗೈ ಊರಿದ ಜಾಗ

ಹೊಳೆಗಳು ಮಾದರಿಯ ಮಾತು ಕೇಳತೊಡಗಿ ಹನ್ನೊಂದು ವರ್ಷವಾಗಿತ್ತು. ನೆರೆ ಬಂದಾಗ ಇಂಜಿನಿಯರ್ ಹೊಸಕೋಟಿಯವರು ಕಚೇರಿಯ ಮೇಜಿನ ಮೇಲಿದ್ದ ಮರಳಿನ ಪುಟ್ಟ ಮಾದರಿ ಹೊಳೆಯಲ್ಲಿ ಬೆರಳಾಡಿಸಿದರೆ, ಹೊರಗಿನ ಹೊಳೆಯಲ್ಲೂ ಹೂಳು ಹಾಗೆಯೇ ಸರಿಯುತ್ತಿತ್ತು.

ಆದರೂ ಪ್ರತಿ ನೆರೆಗೂ ಹೂಳು ತುಂಬುವುದು ಸಾಂತವ್ವನ ಕುಂಬಾರ ಓಣಿಗೇ. ಈ ಸಲ ನೀರು ಏರುತ್ತಿದ್ದಂತೆ ಅವಳು ಕಚೇರಿಗೇ ಬಂದು ಮೇಜಿನ ಪಕ್ಕ ನಿಂತಳು.

"ಸಾಹೇಬ್ರ, ಎಡಗೈ ಎಲ್ಲಿ ಊರೀರಿ, ನೋಡ್ರಿ."

"ಬಗ್ಗಿ ಕೆಲಸ ಮಾಡಾಕ ಎಲ್ಲೆರ ಊರಬೇಕಲ್ಲಬೇ ಯವ್ವಾ. ಅಲ್ಲೇನೂ ಇಲ್ಲ."

"ಏನೂ ಇಲ್ಲಂತ! ಮೂವತ್ತಾರು ಮನಿ ಅದಾವ. ನಿಮ್ಮ ಅಂಗೈ ಒತ್ತಿದ ತಗ್ಗಿನಾಗ ಹನ್ನೊಂದು ವರ್ಷ ಹೂಳು ಬಾಚೀವಿ!"

ಅವರು ಕೈ ಎತ್ತಿದರು. ಅಂಗೈಯಾಕಾರದ ತಗ್ಗಿಗೆ ಕಂದು ನೀರು ತಿರುಗುತ್ತಿತ್ತು. ಸಾಂತವ್ವ ಎರಡೂ ತೋಳುಗಳನ್ನು ಅದರ ಸುತ್ತ ಒಡ್ಡಿನಂತೆ ಇಟ್ಟಳು.

"ಬ್ಯಾಡಬೇ! ಹೂಳು ತಿರುವುಗಾಲುವೆ ಹಿಡಿದು ನಮ್ಮ ಕ್ವಾರ್ಟರ್ಸಿಗೆ ನುಗ್ಗತೈತಿ!"

"ಅದು ಗೊತ್ತಿತ್ತೇನು ನಿಮಗ?"

ಹೂಳು ಅವಳ ತೋಳಿಗೆ ಬಡಿದು ಕಾಲುವೆಯತ್ತ ತಿರುಗಿತು.

"ಮನಿಗೆ ಫೋನ್ ಹಚ್ರಿ. ಸಲಿಕಿ ತಗದಿಡಾಕ ಹೇಳ್ರಿ. ನೀರು ಇಳಿಯೂತನಕ ನಾ ಕೈ ತಗಿಯಾಂಗಿಲ್ಲ."