ಕುಸಿಯಬಹುದು

ಎಂಜಿನಿಯರ್ ಸುಮತಿಯ ವರದಿಯಲ್ಲಿ ನಿರ್ದೇಶಕ ತಿರುಮಲೇಶರಿಗೆ ಹಿಡಿಸದೇ ಹೋದದ್ದು ಒಂದೇ ಪದ: 'ಕುಸಿಯಬಹುದು.'

ಎಪ್ಪತ್ತೆಂಟರ ಮಳೆಗಾಲ ಹತ್ತಿರ ಬಂದಿತ್ತು. ಮದರಾಸಿನ ಪಲ್ಲಾವರಂನಲ್ಲಿದ್ದ ಅವರ ಕಟ್ಟಡ ಸಂಶೋಧನಾ ಸಂಸ್ಥೆಯ ಕ್ವಾರ್ಟರ್ಸಿನ ಕಂಬಗಳು ಬಿರುಕು ಬಿಟ್ಟಿದ್ದವು. ಬೀಳುತ್ತದೆ ಎನ್ನಲಾರೆ, ಬೀಳದು ಎಂದೂ ಎನ್ನಲಾರೆ, ಮಳೆ ಕಳೆಯುವವರೆಗೆ ಮನೆಗಳನ್ನು ಖಾಲಿ ಮಾಡಿಸುವುದು ಒಳ್ಳೆಯದು ಎಂದು ಸುಮತಿ ಬರೆದಿದ್ದಳು.

"'ಬಹುದು' ಅಂತ ಬರೆಯೋಕೆ ದೆಲ್ಲಿಯವರು ನಮಗೆ ಸಂಬಳ ಕೊಡಲ್ಲಮ್ಮ. ಬೀಳತ್ತೋ ಇಲ್ವೋ, ಒಂದು ಹೇಳು."

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ ಅಪಾಯ ಇಲ್ಲ ಅಂತ ತಾನೆ?"

ಸಮಿತಿ ಸೇರಿತು. ಬೋಂಡಾ ಕಾಫಿ ಮುಗಿಯುವಷ್ಟರಲ್ಲಿ ಸಂದೇಹವೂ ಮುಗಿಯಿತು. ಕಟ್ಟಡ ಸುಭದ್ರವಾಗಿದೆ ಎಂಬ ನೋಟೀಸು ಮೆಟ್ಟಿಲ ಬಳಿಯ ಗೋಡೆಗೆ ಅಂಟಿತು.

ಮುಂದಿನ ಭಾನುವಾರ ಸುಮತಿ ಬಿರುಕು ಅಳೆಯಲು ಹೋದಾಗ, ಅದೇ ಕ್ವಾರ್ಟರ್ಸಿನ ಕೆಳಮನೆಯಲ್ಲಿದ್ದ ತಿರುಮಲೇಶರ ಪಾತ್ರೆಪಗಡ ಲಾರಿ ಏರುತ್ತಿತ್ತು. ಹೆಂಡತಿಗೆ ಟಿ. ನಗರದ ಅಂಗಡಿಗಳು ಹತ್ತಿರವಾಗಲಿ ಅಂತ ಮನೆ ಬದಲಿಸುತ್ತಿರುವುದಾಗಿ ಅವರು ಕೇಳದವರಿಗೂ ಹೇಳುತ್ತಿದ್ದರು.

ಮೇಲ್ಮನೆಯ ಶಾರದಮ್ಮ ಕೆಳಗಿಳಿದು ಬಂದು ಸುಮತಿಯ ಕೈ ಹಿಡಿದುಕೊಂಡರು. "ನಿಜ ಹೇಳು, ಬೀಳತ್ತಾ?"

ಸುಮತಿ ಗೋಡೆಯ ಮೇಲಿನ ನೋಟೀಸಿನತ್ತ ಒಮ್ಮೆ ನೋಡಿದಳು.

"ಸತ್ಯವಾಗ್ಲೂ ಗೊತ್ತಿಲ್ಲ ಮಾಮಿ. ಆದ್ರೆ ನಮ್ಮಮ್ಮ ಇಲ್ಲಿದ್ದಿದ್ರೆ ಇವತ್ತೇ ಕರ್ಕೊಂಡು ಹೋಗ್ತಿದ್ದೆ."

ಮಾತು ಮನೆಯಿಂದ ಮನೆಗೆ ಹರಡಿತು. ಒಬ್ಬರು ನೆಂಟರ ಮನೆಗೆ, ಇನ್ನೊಬ್ಬರು ಛತ್ರಕ್ಕೆ ಎಂದು ಸಂಜೆಯೊಳಗೆ ಇಡೀ ಕಟ್ಟಡ ಬರಿದಾಯಿತು. ಜನರಲ್ಲಿ ಇಲ್ಲದ ಭೀತಿ ಹುಟ್ಟಿಸಿದ್ದಕ್ಕೆ ಸುಮತಿಗೆ ಊರಾಚೆಯ ಎಣ್ಣೂರಿನಲ್ಲಿದ್ದ ಸಂಸ್ಥೆಯ ಉಗ್ರಾಣಕ್ಕೆ ವರ್ಗವಾಯಿತು. ಅಲ್ಲಿ ಸಿಮೆಂಟ್ ಮೂಟೆಗಳ ನಡುವೆ ಕೂತು, ಕಟ್ಟಡ ಬಿದ್ದರೆ ತಾನು ಗೆದ್ದಂತೆ ಎಂಬ ಯೋಚನೆ ಬಂದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಮಳೆ ಹುಯ್ಯಿತು, ಬಿರುಗಾಳಿಯೂ ಬೀಸಿತು. ಕಟ್ಟಡ ಬೀಳಲಿಲ್ಲ.

ದೆಲ್ಲಿಯ ಅಧಿಕಾರಿ ತಪಾಸಣೆಗೆ ಬಂದ ದಿನ, ನಕ್ಷೆ ಬಿಡಿಸಿ ತೋರಿಸಲು ಸುಮತಿಯನ್ನೂ ಕರೆಸಿದ್ದರು. ತಮ್ಮ ಸಂಸ್ಥೆಯ ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ ಎಂದು ತಿರುಮಲೇಶರು ಕಟ್ಟಡದತ್ತ ಕೈ ಚಾಚಿ ವಿವರಿಸಿದರು. ಅಧಿಕಾರಿ ತಲೆದೂಗಿ, ಒಳಗೂ ಒಮ್ಮೆ ಹೋಗಿ ಬರೋಣ ಎಂದು ಹೆಜ್ಜೆ ಹಾಕಿದರು.

ರಸ್ತೆಯ ಈಚೆ ಬದಿಯ ಬೇವಿನ ಮರದಡಿ ನಿಂತಿದ್ದ ತಿರುಮಲೇಶರು ಕದಲಲಿಲ್ಲ.

"ಇಲ್ಲಿಂದಲೇ ಚೆನ್ನಾಗಿ ಕಾಣತ್ತೆ, ಸಾರ್."