ಎಲ್ಲರಿಗೂ ಕಾಣುವಂತೆ

"ಪೋಸ್ಟ್‌ನ ನಿನ್ನ ಫಾಲೋ ಮಾಡೋರಿಗೆ ಮಾತ್ರ ಅಂತ ಹಾಕಿದೀಯ ಕಣಕ್ಕ, ನಂಗೆ ಬೂಸ್ಟ್ ಮಾಡಿ ಬೇರೆಯೋರಿಗೆ ಹಂಚಕ್ಕೇ ಆಗ್ತಿಲ್ಲ," ಎಂದ ಫೋನಿನಲ್ಲಿ ಆನ್‌ಲೈನ್ ಗೆಳೆಯ ಧನಪಾಲ್. "ಪಬ್ಲಿಕ್ ಅಂತ ಹೊಸದಾಗಿ ಹಾಕು. ನಮ್ಮ ಸರ್ವರ್‌ನೋರು ನೋಡ್ತಾರೆ, ಅವರಿಂದ ಇನ್ನೊಂದು ಸರ್ವರ್‌ಗೆ ಹೋಗುತ್ತೆ."

ಕಡೂರು ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ ಅಕ್ಷತಾ ಪೋಸ್ಟನ್ನು ಮತ್ತೆ ತೆರೆದಳು. ಮರೆವಿನ ಕಾಯಿಲೆಯ ತಾಯಿ ಹನುಮಂತಮ್ಮ ಬೆಳಿಗ್ಗೆ ಇಲ್ಲೇ, ಅವಳು ನೀರು ತರುವಷ್ಟರಲ್ಲಿ ಕಾಣೆಯಾಗಿದ್ದರು. ಪೋಸ್ಟಿನಲ್ಲಿ ಅವರ ಫೋಟೋ ಜೊತೆ ತನ್ನ ಹೊಸ ಫೋನ್ ನಂಬರನ್ನೂ ಹಾಕಲೇಬೇಕಿತ್ತು. ತರೀಕೆರೆಯ ಗಂಡ ತಿಪ್ಪೇಶನ ಹೊಡೆತ ತಾಳದೆ ಬಿಟ್ಟು ಬಂದವಳು, ಅವನ ಕಣ್ಣಿಗೆ ಬೀಳಬಾರದೆಂದೇ ದೊಡ್ಡ ಜಾಲತಾಣಗಳನ್ನು ಬಿಟ್ಟು, ಪಕ್ಷಿಪ್ರಿಯರು ತಾವೇ ನಡೆಸುವ ಆ ಪುಟ್ಟ ಸರ್ವರ್ ಸೇರಿದ್ದಳು.

"ಆಮೇಲೆ ಅಳಿಸಬೋದಾ?"

"ಅಳಿಸಬೋದು. ಆದ್ರೆ ಬೇರೆ ಸರ್ವರ್‌ಗಳಲ್ಲಿ ಕಾಪಿ ಉಳ್ಕಂಡ್ರೂ ಉಳ್ಕಬೋದು."

ಅವಳು 'ಪಬ್ಲಿಕ್' ಎಂದು ಆರಿಸಿ, ಕಣ್ಣು ಮುಚ್ಚಿ ಒತ್ತಿದಳು. ಧನಪಾಲ್ ಬೂಸ್ಟ್ ಮಾಡಿದ. ಯಾರ್ಯಾರೋ, ಹೆಸರೇ ಕೇಳದ ಸರ್ವರ್‌ಗಳವರು, ಅದನ್ನು ಮುಂದೆ ದಾಟಿಸುತ್ತಾ ಹೋದರು. ಸಂಜೆಯ ಹೊತ್ತಿಗೆ ಫೋನ್ ಬಂತು. ಆ ನಂಬರು ಅವಳಿಗೆ ಬಾಯಿಪಾಠವಾಗಿತ್ತು.

"ನಿನ್ ಪೋಸ್ಟು ಯಾರೋ ತೋರಿಸಿದ್ರು," ಎಂದ ತಿಪ್ಪೇಶ. "ನಿಮ್ಮಮ್ಮ ನಿನ್ನ ಹುಡುಕ್ಕೊಂಡು ನಮ್ಮನೆಗೇ ಬಂದವ್ರೆ. ಕರ್ಕೊಂಡು ಹೋಗು. ನೀನೊಬ್ಳೇ ಬಾ."

ಹಿಂದಿನಿಂದ ಅಮ್ಮನ ದನಿ ಕೇಳಿಸಿತು: "ಅಕ್ಷತಾ ಒಳಗವ್ಳೇನಪ್ಪಾ?"

ಅಕ್ಷತಾ ಫೋನಿನ ಸ್ಪೀಕರ್ ಒತ್ತಿ, ಅದನ್ನು ಎದುರಿಗೆ ಹಿಡಿದುಕೊಂಡು ರೈಲ್ವೆ ಪೊಲೀಸರ ಕೊಠಡಿಯತ್ತ ನಡೆದಳು.

"ಬತ್ತೀನಿ," ಎಂದಳು. "ಒಬ್ಳೇ ಬರಲ್ಲ."